ಹಾಲು ಬಲ್ಲವರು, ಕೀಲಿಮಣೆ ಬಲ್ಲವರು

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ತಂತ್ರಾಂಶ ಬರೆಯುವುದು ನನ್ನ ಕೆಲಸ. ಬಳಸುವವರನ್ನು ಹೊಸಬರು, ಪಳಗಿದವರು ಎಂದು ಎರಡು ಪಾಲು ಮಾಡುವುದು ನಮ್ಮ ವೃತ್ತಿಯ ರೂಢಿ. ಬೆಳಗಿನ ಹೊತ್ತು ಡೈರಿಯ ಸರದಿಯ ಪಕ್ಕ ನಿಂತು ನೋಡಿದರೆ ಆ ವಿಂಗಡಣೆ ನಿಲ್ಲುವುದಿಲ್ಲ. ವರ್ಷಗಟ್ಟಲೆ ಹಾಲು ಅಳೆದ ಕಾರ್ಯದರ್ಶಿಗೆ ಯಾರ ಮನೆಯ ಹಸು ಎಷ್ಟು ಫ್ಯಾಟ್ ಕೊಡುತ್ತದೆಂಬುದು ಬಾಯಿಪಾಠ. ಮೌಸ್ ಹಿಡಿಯಲು ಮಾತ್ರ ಕೈ ಹಿಂಜರಿಯುತ್ತದೆ. ಅವರ ರಜೆಯ ದಿನ ಬಂದು ಕೂರುವ ಹುಡುಗನಿಗೆ ಕೀಲಿಮಣೆ ನೀರು ಕುಡಿದಷ್ಟು ಸಲೀಸು. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ ಎಂಬುದೇ ಗೊತ್ತಿರುವುದಿಲ್ಲ.

ಇಬ್ಬರಿಗೂ ಇರುವುದು ಒಂದೇ ಪರದೆ. ಕಾರ್ಯದರ್ಶಿಯ ಕಣ್ಣು ಪರೀಕ್ಷೆಯ ಯಂತ್ರದ ಮೇಲೆ, ಬಲಗೈ ಅಂಕಿಗಳ ಮೇಲೆ. ಸದಸ್ಯರ ನಂಬರ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಒಂದೊಂದಾದ ಮೇಲೂ ಎಂಟರ್. ಈ ಓಟದ ನಡುವೆ ‘ಖಚಿತವೇ?’ ಎಂದು ಪ್ರತಿ ಸಲ ಕೇಳಿದರೆ ಬೆರಳು ಓದದೆಯೇ ಒತ್ತಲು ಕಲಿಯುತ್ತದೆ. ನಿಜಕ್ಕೂ ತಪ್ಪಾದಾಗಲೂ ಒತ್ತಿಬಿಡುತ್ತದೆ. ಅದಕ್ಕೇ ಆ ಪ್ರಶ್ನೆ ತೆಗೆದು, ಕೊನೆಯ ನಮೂದನ್ನು ಒಂದೇ ಕೀಲಿಯಲ್ಲಿ ತಿದ್ದಲು ದಾರಿ ಇಟ್ಟಿದ್ದೇನೆ.

ಹುಡುಗನಿಗೆ ಬೇಕಾದದ್ದು ಹಾಲಿನ ತಿಳಿವಳಿಕೆ. ಹಸುವಿನ ಹಾಲಿನ ಫ್ಯಾಟ್ ಸಾಮಾನ್ಯವಾಗಿ ಶೇಕಡಾ 3ರಿಂದ 5, ಎಮ್ಮೆಯದು 6ರಿಂದ 8 ಎಂದು ಖಾನೆಯ ಪಕ್ಕದಲ್ಲೇ ಸಣ್ಣಗೆ ಬರೆದಿರುತ್ತದೆ. 4.2ರ ಬದಲು 42 ಬಿದ್ದರೆ ಮಾತ್ರ ಪರದೆ ತಡೆಯುತ್ತದೆ.

ಬೆಂಗಳೂರಿನಲ್ಲೇ ಬೆಳೆದ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯನ್ನು ನೋಡಿ ನಾನು ಕಲಿತದ್ದು ಬಹಳ. ಎಫ್5 ಪಾವತಿಗೆ, ಎಫ್6 ಸ್ವೀಕೃತಿಗೆ, ಎಫ್8 ಮಾರಾಟಕ್ಕೆ. ಆ ಕೀಲಿಗಳ ಹೆಸರು ಪರದೆಯ ಬಲಬದಿಯಲ್ಲೇ ಇರುತ್ತದೆ. ಹೊಸಬ ಓದಿ ಒತ್ತುತ್ತಾನೆ. ಒತ್ತುತ್ತ ಒತ್ತುತ್ತ ಓದುವುದು ತಾನಾಗಿ ಬಿಟ್ಟುಹೋಗುತ್ತದೆ. ಕಲಿಯುವವರಿಗೊಂದು, ಕಲಿತವರಿಗೊಂದು ಎಂದು ಬೇರೆ ಬೇರೆ ಪರದೆ ಮಾಡಿದರೆ ಒಂದರಿಂದ ಇನ್ನೊಂದಕ್ಕೆ ದಾಟುವವರು ಕಡಿಮೆ. ಹೀಗೆ ಬೆರಳಿಗೆ ಕೂತ ಕೀಲಿಯನ್ನು ಹೊಸ ಆವೃತ್ತಿಯ ನೆಪದಲ್ಲಿ ಬದಲಿಸುವುದನ್ನು ನಾನು ಅನ್ಯಾಯವೆಂದೇ ಎಣಿಸುತ್ತೇನೆ.

ಕಂಪ್ಯೂಟರ್ ಮುಟ್ಟದ ಮೂರನೆಯವರೂ ಇದ್ದಾರೆ, ಕ್ಯಾನು ಹಿಡಿದು ನಿಂತ ಉತ್ಪಾದಕರು. ಅವರ ಕೈಗೆ ಹೋಗುವ ಚೀಟಿಯಲ್ಲಿ ಲೀಟರ್, ದರ, ಹಣ ದಪ್ಪಗಿರಬೇಕು. ಸಂಘದ ಹೆಸರು ಸಣ್ಣದಿದ್ದರೂ ನಡೆದೀತು. ಅಕ್ಷರ ಬಾರದ ಎಷ್ಟೋ ಹೆಂಗಸರಿಗೆ ಅಂಕಿ ಚೆನ್ನಾಗಿ ಗೊತ್ತು, ಲೆಕ್ಕ ತಪ್ಪಿದರೆ ಮೊದಲು ಹಿಡಿಯುವವರೂ ಅವರೇ. ಆದ್ದರಿಂದ ನಮೂದು ಮುಗಿಯುವ ಮೊದಲೇ ಅವರಿಗೂ ಅಂಕಿ ಕಾಣಲೆಂದು ಸರದಿಯ ಕಡೆಗೆ ಮುಖ ಮಾಡಿ ಇನ್ನೊಂದು ಫಲಕ ಇಡಿಸುತ್ತೇನೆ.