ಯುರೋಪಿಗೆ ಹೊರಡುವ ಮುನ್ನ

ಬ್ರಿಟನ್‌ನಲ್ಲಿ ನೆಲೆಸಿ ಅಲ್ಲಿನದೇ ಪಾಸ್‌ಪೋರ್ಟ್ ಪಡೆದಿರುವ ಕನ್ನಡಿಗರೇ, ಬ್ರೆಕ್ಸಿಟ್ ಹಳೇ ಸುದ್ದಿ ಎಂದು ಸುಮ್ಮನಾಗಬೇಡಿ. ರಜೆಗೆ ಪ್ಯಾರಿಸ್ಸೋ ರೋಮೋ ಎಂದು ಹೊರಟಾಗ ಅದು ಎದುರಾಗುತ್ತದೆ.

ಮೊದಲು ಪಾಸ್‌ಪೋರ್ಟ್ ತೆರೆದು, ಅದನ್ನು ಕೊಟ್ಟ ದಿನಾಂಕ ನೋಡಿ. ಷೆಂಗೆನ್ ದೇಶಕ್ಕೆ ಕಾಲಿಡುವ ದಿನಕ್ಕೆ 10 ವರ್ಷ ತುಂಬಿರಬಾರದು. ಅಲ್ಲಿಂದ ಹೊರಡುವ ದಿನದ ನಂತರವೂ 3 ತಿಂಗಳು ಅವಧಿ ಉಳಿದಿರಬೇಕು. 2018ರ ಸೆಪ್ಟೆಂಬರ್‌ಗೆ ಮೊದಲು ನವೀಕರಿಸುವಾಗ ಹಳೆಯದರಲ್ಲಿ ಉಳಿದ ತಿಂಗಳುಗಳನ್ನೂ ಸೇರಿಸಿ ಕೊಡುತ್ತಿದ್ದರು. ಅಂಥದ್ದಾದರೆ, ಮುಕ್ತಾಯದ ದಿನಾಂಕ ದೂರವಿದ್ದರೂ ವಿಮಾನ ಹತ್ತಿಸದೆ ವಾಪಸ್ ಕಳಿಸಿಯಾರು.

ತಂಗುವುದು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ, ಅದೂ ಎಲ್ಲ ಷೆಂಗೆನ್ ದೇಶಗಳೂ ಸೇರಿ.

ಮಕ್ಕಳಿಗೆಂದು ಮೊಸರನ್ನ ಕಟ್ಟಿಕೊಂಡಿದ್ದರೆ ಗಡಿ ದಾಟುವ ಮೊದಲೇ ಡಬ್ಬಿ ಖಾಲಿ ಮಾಡಿ. ಹಾಲಿನ, ಮಾಂಸದ ಪದಾರ್ಥ ಒಳಗೆ ಒಯ್ಯುವಂತಿಲ್ಲ. ಕೆಲವು ಮೊಬೈಲ್ ಕಂಪನಿಗಳು ರೋಮಿಂಗ್ ಶುಲ್ಕವನ್ನು ಮತ್ತೆ ಹಾಕುತ್ತಿವೆ, ವಿಚಾರಿಸಿಕೊಳ್ಳಿ.

ಜಿಎಚ್‌ಐಸಿ ಆರೋಗ್ಯ ಕಾರ್ಡ್ ಉಚಿತ. ದುಡ್ಡು ಕೇಳುವ ಜಾಲತಾಣಗಳಿಗೆ ಮರುಳಾಗದೆ ಎನ್‌ಎಚ್‌ಎಸ್‌ನಿಂದಲೇ ಪಡೆಯಿರಿ. ಕಾರ್ಡ್ ಇದೆಯೆಂದು ಪ್ರವಾಸ ವಿಮೆ ಮಾತ್ರ ಬಿಡಬೇಡಿ. ರೋಗಿಯನ್ನು ವಿಮಾನದಲ್ಲಿ ಮನೆಗೆ ತರುವ ಖರ್ಚನ್ನು ಕಾರ್ಡ್ ಭರಿಸುವುದಿಲ್ಲ.