ಕನ್ನಡ ತರಗತಿಗೆ ಒಪ್ಪುವ ಯಂತ್ರ: ಟ್ಯಾಬ್ಲೆಟ್ ಮತ್ತು ಲ್ಯಾಪ್‌ಟಾಪ್

ಥಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿಮುಂಬಯಿಗಳಲ್ಲಿ ಬೆಳೆಯುವ ಕನ್ನಡ ಮಕ್ಕಳ ಭಾಷಾಪರಿಸರ ಕರ್ನಾಟಕದ ಮಕ್ಕಳ ಪರಿಸರಕ್ಕಿಂತ ಭಿನ್ನವಾದುದು. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಇರುತ್ತದೆ. ನೆರೆಹೊರೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಬಹುಮಟ್ಟಿಗೆ ಇಂಗ್ಲಿಷ್. ಇಂತಹ ಮಗುವಿಗೆ ಕನ್ನಡವನ್ನು ಕೇಳುವ ಅವಕಾಶ ಉಂಟು. ಬರೆಯುವ ಅವಕಾಶ ತೀರ ವಿರಳ. ತರಗತಿಗೆ ಟ್ಯಾಬ್ಲೆಟ್ ತರಬೇಕೋ ಲ್ಯಾಪ್‌ಟಾಪ್ ತರಬೇಕೋ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿಯೇ ವಿವೇಚಿಸಬೇಕು.

ಈವರೆಗೆ ಈ ಆಯ್ಕೆ ಹೆಚ್ಚಾಗಿ ಬೆಲೆ ಮತ್ತು ಭಾರಗಳನ್ನು ಅನುಸರಿಸಿದೆ. ಕೇಂದ್ರ ಸರಕಾರವು 2011ರ ಅಕ್ಟೋಬರ್‌ನಲ್ಲಿ ‘ಆಕಾಶ್’ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿದಾಗ ಅದರ ಅಗ್ಗದ ಬೆಲೆಯೇ ಮುಖ್ಯ ಆಕರ್ಷಣೆಯಾಗಿತ್ತು. ಮುಂಬಯಿ ಮಹಾನಗರಪಾಲಿಕೆಯು 2015ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಟ್ಯಾಬ್ಲೆಟ್ ನೀಡಿದಾಗ ಪುಸ್ತಕದ ಚೀಲದ ಹೊರೆ ಇಳಿಸುವುದು ಉದ್ದೇಶವಾಗಿತ್ತು. ಓದಿಗೆ ಈ ಸಾಧನ ಸಾಕು. ಮಹಾರಾಷ್ಟ್ರದ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುತ್ತದೆ. ಅವುಗಳನ್ನು ತೆರೆಯ ಮೇಲೆ ಓದಲು ಟ್ಯಾಬ್ಲೆಟ್ ಅನುಕೂಲಕರ. ಕಿರಿಯ ಮಕ್ಕಳು ಅಕ್ಷರದ ತಿರುವನ್ನು ಬೆರಳಿನಿಂದ ತಿದ್ದಲೂ ಅದು ನೆರವಾಗುತ್ತದೆ. ಆದರೆ ಸ್ಲೇಟು, ಕಾಗದಗಳ ಸ್ಥಾನವನ್ನು ಅದು ತುಂಬಲಾರದು.

ಬರವಣಿಗೆಯ ಮಾತು ಬೇರೆ. ‘ರಾಷ್ಟ್ರ’ ಎಂಬ ಪದ ಕಣ್ಣಿಗೆ ಎರಡೇ ಅಕ್ಷರ. ಮುಂಬಯಿಯಲ್ಲಿಯೂ ದುಡಿದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಅದನ್ನು ಮೂಡಿಸಲು ರಕಾರ, ದೀರ್ಘ, ಷಕಾರ, ಹಲಂತ, ಟಕಾರ, ಮತ್ತೆ ಹಲಂತ, ರಕಾರ ಎಂದು ಏಳು ಕೀಲಿಗಳನ್ನು ಒತ್ತಬೇಕು. ಹೀಗೆ ಒತ್ತುವ ವಿದ್ಯಾರ್ಥಿಯು ಸಂಯುಕ್ತಾಕ್ಷರದ ರಚನೆಯನ್ನು ತಿಳಿಯದೆಯೇ ಕಲಿಯುತ್ತಾನೆ. ಟ್ಯಾಬ್ಲೆಟ್ಟಿನ ತೆರೆಯ ಮೇಲಿನ ಕೀಲಿಮಣೆಯಾದರೋ ಎರಡು ಅಕ್ಷರ ಒತ್ತುವಷ್ಟರಲ್ಲಿ ಇಡೀ ಪದವನ್ನು ಸೂಚಿಸಿಬಿಡುತ್ತದೆ. ಕಾಗುಣಿತ ಬಲ್ಲವನಿಗೆ ಇದು ಸೌಕರ್ಯ, ಕಲಿಯುವವನಿಗೆ ನಷ್ಟ. ಸೂಚನೆಯನ್ನು ನಿಲ್ಲಿಸಬಹುದು, ಪ್ರತ್ಯೇಕ ಕೀಲಿಮಣೆಯನ್ನು ಜೋಡಿಸಲೂಬಹುದು. ಆದರೆ ಹಾಗೆ ಜೋಡಿಸುತ್ತ ಹೋದಂತೆ ಅಗ್ಗದ ಬೆಲೆಯ ವಾದ ಸಡಿಲವಾಗುತ್ತದೆ.

ಇವೆರಡರ ಸಮನ್ವಯವನ್ನು ಬಯಸಿದ ಪ್ರಯೋಗವೊಂದು ನೆರೆಯ ರಾಯಗಡ ಜಿಲ್ಲೆಯಲ್ಲಿಯೇ ನಡೆದಿದೆ. ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯು 2007ರಲ್ಲಿ ಅಲ್ಲಿನ ಖೈರಾತ್ ಹಳ್ಳಿಯ ಶಾಲೆಗೆ ಬಂದಿತು. ಆ ಯಂತ್ರದ ತೆರೆಯನ್ನು ತಿರುಗಿಸಿ ಮಡಿಸಿದರೆ ಓದುವ ಹಲಗೆಯಾಗುತ್ತಿತ್ತು; ಬಿಡಿಸಿದರೆ ಬರೆಯುವ ಕೀಲಿಮಣೆ ದೊರೆಯುತ್ತಿತ್ತು. ಓದು, ಬರಹ ಎರಡೂ ಬೇಕೆಂಬ ತಿಳಿವಳಿಕೆ ಅದರ ರಚನೆಯಲ್ಲಿಯೇ ಅಡಗಿತ್ತು.

ನಮ್ಮ ಸಂಘಸಂಸ್ಥೆಗಳ ಕನ್ನಡ ತರಗತಿಗಳಲ್ಲಿ ಮಗುವಿಗೊಂದು ಯಂತ್ರ ಅನಿವಾರ್ಯವಲ್ಲ. ಕಿರಿಯರಿಗೆ ಕೆಲವು ಟ್ಯಾಬ್ಲೆಟ್, ಐದನೆಯ ತರಗತಿಯಿಂದ ಮೇಲಿನವರಿಗೆ ಇಬ್ಬರಿಗೊಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಒಬ್ಬ ಬರೆಯುವಾಗ ಇನ್ನೊಬ್ಬ ತಿದ್ದುತ್ತಾನೆ. ಆ ಚರ್ಚೆಯೂ ಕನ್ನಡದಲ್ಲಿಯೇ ನಡೆಯುತ್ತದೆ. ಒಟ್ಟಿನಲ್ಲಿ, ಕೊಳ್ಳುವ ಮುನ್ನ ಕೇಳಬೇಕಾದುದು ಯಂತ್ರದ ಬೆಲೆಯೊಂದನ್ನೇ ಅಲ್ಲ. ವರ್ಷಾಂತ್ಯಕ್ಕೆ ಈ ಮಗು ಊರಿನ ಅಜ್ಜಿಗೆ ಒಂದು ಪುಟದ ಪತ್ರವನ್ನು ಕನ್ನಡದಲ್ಲಿ ತಾನೇ ಬರೆಯಬಲ್ಲದೆ ಎಂಬುದನ್ನೂ ಕೇಳಬೇಕು.