ಬೈಕಿಗೆ ಮುಂಚೆ ಪಾಲಿಸಿ ಓದು

ದೊಡ್ಡ ಬೈಕೇ ಬೇಕು ಅಂತ ಹಟ ಹಿಡಿದಿದ್ದೀಯ. ಬೇಡ ಅನ್ನುವ ಮುದುಕ ನಾನಲ್ಲ. ನಮ್ಮ ಹರೆಯದಲ್ಲಿ ಹುಡುಗರು ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್‌ಗೆ ಹೀಗೇ ಹಂಬಲಿಸುತ್ತಿದ್ದರು. ಅದು 250 ಸಿಸಿ. ನಿನ್ನ ಕಣ್ಣು ಬಿದ್ದಿರುವುದು 400, 650, ಅದಕ್ಕೂ ಮೇಲಿನದರ ಮೇಲೆ. ಸರಿ, ತಗೋ. ಆದರೆ ನಿನ್ನ ಲೆಕ್ಕದಲ್ಲಿ ಒಂದು ತೂತಿದೆ ಮಗೂ. ಎಕ್ಸ್-ಶೋರೂಮ್ ಬೆಲೆ ಬಾಯಿಪಾಠ. ತಿಂಗಳ ಕಂತು ಬಾಯಿಪಾಠ. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು ಅನ್ನುವುದಂತೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೀಯ. ಇನ್ಶೂರೆನ್ಸ್ ಎಷ್ಟಾಗುತ್ತೆ ಅಂದರೆ ಮಾತ್ರ, "ಅದನ್ನ ಶೋರೂಮಿನವರೇ ಹಾಕಿಕೊಡ್ತಾರೆ ತಾತ" ಅಂತೀಯ. ದುಡ್ಡು ಸೋರುವುದು ಅಲ್ಲೇ.

ವಾಹನಗಳ ಅಪಘಾತದ ಸರ್ವೇ ಮಾಡಿಕೊಂಡು ಬದುಕಿದವನು ನಾನು. ಜಖಂ ಆದ ಬೈಕಿನ ಮುಂದೆ ಕೂತು ಪಾಲಿಸಿಯನ್ನು ಮೊದಲ ಸಲ ಓದುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ನೀನು ಮುಂಚೆಯೇ ಓದು.

ಪಾಲಿಸಿಯಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ, ಅಂದರೆ ನಿನ್ನಿಂದ ಬೇರೆಯವರಿಗೆ ಆಗುವ ಹಾನಿಗೆ. ಇದು ಕಾನೂನಿನ ಕಡ್ಡಾಯ. ದರ ಕಟ್ಟುವುದು ಸರ್ಕಾರ, ಎಲ್ಲ ಕಂಪನಿಯಲ್ಲೂ ಒಂದೇ. ಇಲ್ಲಿ 350 ಸಿಸಿ ಅನ್ನುವುದೇ ಗೆರೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ. ಗೆರೆ ದಾಟಿದರೆ 2,804. ಹೊಸ ಬೈಕಿಗೆ 2018ರ ಸೆಪ್ಟೆಂಬರ್‌ನಿಂದ ಐದು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. ಗೆರೆಯೊಳಗೆ 7,365, ಗೆರೆ ದಾಟಿದರೆ 15,117, ಮೇಲೆ ಜಿಎಸ್‌ಟಿ ಬೇರೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 349 ಸಿಸಿ, ಗೆರೆಯೊಳಗೇ ಇದೆ. 400 ಸಿಸಿಯವು ಹೊರಗೆ. 650 ಅಂತೂ ಹೊರಗೇ. ನಿಜವಾಗಿ ಕೈ ಬಿಗಿಯಿದ್ದರೆ ಗೆರೆಯೊಳಗಿನ ಬೈಕನ್ನೇ ಆರಿಸಿಕೋ, ಅದರಲ್ಲಿ ಅವಮಾನವೇನಿಲ್ಲ. ಥರ್ಡ್ ಪಾರ್ಟಿಯಲ್ಲಿ ಅರ್ಧ ಬಿಡಿಸಿಕೊಡ್ತೀನಿ ಅಂತ ಯಾರಾದರೂ ಬಂದರೆ ಅವನನ್ನು ಬಾಗಿಲಲ್ಲೇ ಕಳಿಸು. ನಕಲಿ ಪಾಲಿಸಿ ಮಾರುವವರು ಹಾಗೇ ಮಾತಾಡುತ್ತಾರೆ.

ಇನ್ನೊಂದು ಓನ್ ಡ್ಯಾಮೇಜ್. ನಿನ್ನ ಬೈಕು ಮುರಿದರೆ, ಸುಟ್ಟರೆ, ಕಳುವಾದರೆ ದುಡ್ಡು ಬರುವುದು ಇದರಲ್ಲಿ. ನಿನ್ನ ಜಾಣತನಕ್ಕೆ ಜಾಗ ಇರುವುದೂ ಇಲ್ಲಿಯೇ. ಹಳೆಯ ದರಪಟ್ಟಿಯಲ್ಲಿ 350 ಸಿಸಿ ಮೀರಿದ ಹೊಸ ಬೈಕಿಗೆ ಬೆಂಗಳೂರಿನಲ್ಲಿ ಐಡಿವಿಯ (ಪಾಲಿಸಿಯಲ್ಲಿ ಬರೆದ ಬೈಕಿನ ಬೆಲೆ) ಮೇಲೆ ಶೇಕಡಾ 1.879 ಇತ್ತು. ರಾಜ್ಯದ ಬೇರೆ ಊರುಗಳಲ್ಲಿ 1.844. 2007ರಿಂದ ಕಂಪನಿಗಳಿಗೆ ಇದರಲ್ಲಿ ಸ್ವಾತಂತ್ರ್ಯ ಸಿಕ್ಕಿದೆ, ಒಬ್ಬೊಬ್ಬರು ಒಂದೊಂದು ರಿಯಾಯಿತಿ ಕೊಡುತ್ತಾರೆ. ಶೋರೂಮಿನಲ್ಲೇ ಪಾಲಿಸಿ ತಗೋಬೇಕು ಅಂತ ಯಾವ ಕಾನೂನೂ ಇಲ್ಲ. ಸರ್ಕಾರಿ ಕಂಪನಿ, ಖಾಸಗಿ ಕಂಪನಿ ಎರಡರಲ್ಲೂ ವಿಚಾರಿಸು. ಆದರೆ ವಿಚಾರಿಸುವಾಗ ಎಲ್ಲರ ಹತ್ತಿರವೂ ಒಂದೇ ಐಡಿವಿ ಹೇಳಿ ಕೇಳು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಬೈಕು ರಿಪೇರಿ ಆಗುವ ಗ್ಯಾರೇಜಿನಲ್ಲಿ ಆ ಕಂಪನಿಯ ಕ್ಯಾಶ್‌ಲೆಸ್ ಇದೆಯೇ ಅಂತಲೂ ನೋಡು. ದೊಡ್ಡ ಬೈಕುಗಳ ಸರ್ವೀಸ್ ಸೆಂಟರ್ ಊರೂರಲ್ಲಿ ಇರುವುದಿಲ್ಲ.

ಐಡಿವಿ ಅಂದರೆ ಬೈಕು ಪೂರ್ತಿ ಹೋದರೆ ನಿನ್ನ ಕೈಗೆ ಬರುವ ಮೊತ್ತ. ಪ್ರೀಮಿಯಂ ಕಡಿಮೆ ಕಾಣಲಿ ಅಂತ ಅದನ್ನು ಇಳಿಸಿ ತೋರಿಸುವುದು ಬಹಳ ಹಳೆಯ ಚಾಲಾಕಿ. ಮೂರು ಲಕ್ಷದ ಬೈಕನ್ನು ಎರಡೂಕಾಲು ಲಕ್ಷ ಅಂತ ಬರೆಸಿದರೆ ಆ ದರಪಟ್ಟಿಯ ಪ್ರಕಾರ ಉಳಿಯುವುದು ಸುಮಾರು 1,400 ರೂಪಾಯಿ. ಕಳ್ಳ ಎತ್ತಿಕೊಂಡು ಹೋದ ದಿನ ಕಳೆಯುವುದು 75,000. ನೀನು ಲೆಕ್ಕದಲ್ಲಿ ಚುರುಕು, ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಉಳಿತಾಯ ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿಯಲ್ಲಿದೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇಕಡಾ 20 ಇಳಿಕೆ. ಆಮೇಲೆ 25, 35, 45, ಐದನೆಯ ವರ್ಷಕ್ಕೆ 50. ಒಂದು ಕ್ಲೇಮ್ ಮಾಡಿದೆಯೋ, ಮತ್ತೆ ಸೊನ್ನೆಯಿಂದ ಶುರು. ಪಾರ್ಕಿಂಗ್‌ನಲ್ಲಿ ಬೈಕು ಬಿದ್ದು ಕ್ಲಚ್ ಲಿವರ್ರು, ಇಂಡಿಕೇಟರ್ರು ಮುರಿದರೆ ನಿಮ್ಮ ಪೀಳಿಗೆ ತಕ್ಷಣ ಫೋಟೋ ತೆಗೆದು ಕ್ಲೇಮಿಗೆ ಕೂರುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗೆ. ಎರಡು ಸಾವಿರದ ಬಿಲ್ಲಿಗಾಗಿ ಐದು ವರ್ಷದ ಸಂಯಮ ಹೋಗುತ್ತದೆ. ಮೂರು ಲಕ್ಷದ ಐಡಿವಿಗೆ ಅರ್ಧ ರಿಯಾಯಿತಿ ಅಂದರೆ ಆ ದರಪಟ್ಟಿಯಲ್ಲಿ ವರ್ಷಕ್ಕೆ 2,800ರ ಮೇಲೆ. ಸಣ್ಣದನ್ನು ಜೇಬಿನಿಂದ ಕೊಡು, ದೊಡ್ಡದಕ್ಕೆ ಪಾಲಿಸಿ ಇಟ್ಟುಕೋ.

ಎನ್‌ಸಿಬಿ ಸೇರುವುದು ಮನುಷ್ಯನಿಗೆ, ಗಾಡಿಗಲ್ಲ. ಕಾಲೇಜಿಗೆ ಓಡಿಸಿದ ನಿನ್ನ ಸ್ಕೂಟರಿನ ಪಾಲಿಸಿ ನಿನ್ನ ಹೆಸರಿನಲ್ಲೇ ಇದ್ದು, ಅದರಲ್ಲಿ ಓನ್ ಡ್ಯಾಮೇಜ್ ಇದ್ದರೆ, ಸ್ಕೂಟರ್ ಮಾರುವಾಗ ಕಂಪನಿಯಿಂದ ಎನ್‌ಸಿಬಿ ಪತ್ರ ಬರೆಸಿಕೋ. ಮೂರು ವರ್ಷದೊಳಗೆ ಅದು ಹೊಸ ಬೈಕಿಗೆ ನಡೆಯುತ್ತದೆ. ಎಷ್ಟು ಜನ ಇದನ್ನು ಕೇಳದೆ ಸ್ಕೂಟರಿನ ಜೊತೆಗೇ ಬಿಟ್ಟುಕೊಟ್ಟು ಬರುತ್ತಾರೆ ಅಂತೀಯ! ಆದರೆ ಇಲ್ಲದ್ದನ್ನು ಇದೆ ಅಂತ ಬರೆಯಬೇಡ. ಹಿಂದಿನ ವರ್ಷ ಕ್ಲೇಮ್ ಮಾಡಿದ್ದ ಹುಡುಗನೊಬ್ಬ ಬೇರೆ ಕಂಪನಿಗೆ ಹೋಗಿ, ಕ್ಲೇಮೇ ಮಾಡಿಲ್ಲ ಅಂತ ಫಾರ್ಮ್‌ನಲ್ಲಿ ಟಿಕ್ ಹಾಕಿ ರಿಯಾಯಿತಿ ಪಡೆದಿದ್ದ. ಮಳೆಯಲ್ಲಿ ಜಾರಿ ಬೈಕು ನಜ್ಜುಗುಜ್ಜಾಯಿತು. ಹೊಸ ಕಂಪನಿ ಹಳೆಯದಕ್ಕೆ ಒಂದು ಪತ್ರ ಬರೆಯಿತು, ಸುಳ್ಳು ಹೊರಬಿತ್ತು, ಬೈಕಿಗೆ ಬಿಡಿಗಾಸೂ ಸಿಗಲಿಲ್ಲ. ಒಳ್ಳೆಯ ಹುಡುಗನೇ. ಅವಸರದಲ್ಲಿ ಟಿಕ್ ಹಾಕಿದ್ದ, ಅಷ್ಟೇ.

ಸೈಲೆನ್ಸರ್ ಬದಲಾಯಿಸುವ ಚಪಲವೂ ನಿನಗಿದೆ, ಗೊತ್ತು. ಬೀದಿಯ ಮಗುವನ್ನು ಎಬ್ಬಿಸುವ ಸದ್ದು ನನಗೆ ಹಿಡಿಸುವುದಿಲ್ಲ, ಆ ಮಾತು ಬೇರೆ. ಇಲ್ಲಿ ಹೇಳುವುದು, ಬೈಕಿನಲ್ಲಿ ಏನೇ ಬದಲಾಯಿಸಿದರೂ ಕಂಪನಿಗೆ ತಿಳಿಸು. ಹೇಳದೆ ಮಾಡಿದ ಬದಲಾವಣೆ ಕ್ಲೇಮ್ ಹೊತ್ತಿಗೆ ತಗಾದೆ ತರುತ್ತದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ ಓಡಿಸುವ ಆಸೆ ಇದ್ದರೆ ಹೋಗು, ವೇಗಕ್ಕೆ ಅದೇ ಸರಿಯಾದ ಜಾಗ. ಆದರೆ ರೇಸು, ವೇಗದ ಪರೀಕ್ಷೆ ಮಾಮೂಲಿ ಪಾಲಿಸಿಗೆ ಸೇರುವುದಿಲ್ಲ. ಅಲ್ಲಿ ಬಿದ್ದರೆ ಖರ್ಚು ನಿನ್ನದೇ.

ಜೀರೋ ಡೆಪ್, ಅಂದರೆ ಸವಕಳಿ ಕಡಿಯದಂತೆ ಮಾಡುವ ಆಡ್-ಆನ್, ಬೇಕೇ ಅಂತ ಕೇಳಿದ್ದೆಯಲ್ಲ. ಮೈತುಂಬ ಫೇರಿಂಗ್ ಇರುವ ಬೈಕಾದರೆ ಮೊದಲ ವರ್ಷಗಳಲ್ಲಿ ಬೇಕು. ಪ್ಲಾಸ್ಟಿಕ್ಕು, ರಬ್ಬರಿನ ಭಾಗಗಳಿಗೆ ಮಾಮೂಲಿ ಪಾಲಿಸಿಯಲ್ಲಿ ಅರ್ಧ ಬೆಲೆ ಕಡಿಯುತ್ತಾರೆ, ಫೇರಿಂಗ್ ಅಂದರೆ ಅದೇ ಪ್ಲಾಸ್ಟಿಕ್ಕು. ಉಳಿದ ಆಡ್-ಆನ್‌ಗಳ ಪಟ್ಟಿಯನ್ನು ಓದಿ, ನಿನಗೆ ಉಪಯೋಗವಿಲ್ಲದ್ದನ್ನು ತೆಗೆಸು.

ಈಗ ಹೇಳುವುದು ಎಲ್ಲಕ್ಕಿಂತ ಮುಖ್ಯ. ಸಾಲಕ್ಕೆ ಸುಲಭ ಅಂತ ಬೈಕನ್ನು ನಿನ್ನಪ್ಪನ ಹೆಸರಿನಲ್ಲಿ ತಗೊಳ್ಳುವ ಯೋಚನೆ ಇದೆಯಂತೆ. ಬೇಡ. ಪಾಲಿಸಿಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುವುದು ಲೈಸೆನ್ಸ್ ಹೊಂದಿರುವ ಮಾಲೀಕನಿಗೆ. ಆರ್‌ಸಿಯಲ್ಲಿ ಅಪ್ಪನ ಹೆಸರು, ಸವಾರಿ ನಿನ್ನದು ಅಂದರೆ ಆ ದುಡ್ಡು ನಿನಗಿಲ್ಲ. ಥರ್ಡ್ ಪಾರ್ಟಿಯೂ ನಿನ್ನ ಕೈ ಹಿಡಿಯುವುದಿಲ್ಲ, ಅದು ನಿನ್ನಿಂದ ನೊಂದವರದ್ದು. 2014ರಲ್ಲಿ ಅರಸೀಕೆರೆ ಬಳಿ ಅತಿವೇಗದಲ್ಲಿ ಓಡಿಸಿ ಕಾರು ಮಗುಚಿ ಒಬ್ಬರು ತೀರಿಕೊಂಡರು. ಬೇರೆ ವಾಹನದ ಪಾತ್ರವೇ ಇರಲಿಲ್ಲ. ತಪ್ಪು ತೀರಿಕೊಂಡ ಚಾಲಕನದೇ ಆಗಿದ್ದರಿಂದ ಕುಟುಂಬಕ್ಕೆ ಪರಿಹಾರವಿಲ್ಲ ಅಂತ ಹೈಕೋರ್ಟ್ ಹೇಳಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಅದನ್ನು ಬದಲಿಸಲಿಲ್ಲ. ಮನೆಯವರು ಆಳನ್ನೂ ಕಳೆದುಕೊಂಡರು, ಆಸರೆಯನ್ನೂ ಕಳೆದುಕೊಂಡರು. ನಿನ್ನ ಅಮ್ಮನ ಮುಖ ನೆನೆಸಿಕೊಂಡು ಇದನ್ನು ಎರಡು ಸಲ ಓದು. ಬೇರೆ ಕಡೆ 15 ಲಕ್ಷದ ಅಪಘಾತ ವಿಮೆ ನಿನಗೆ ಈಗಾಗಲೇ ಇದ್ದರೆ ಇದನ್ನು ಮತ್ತೆ ಕೊಳ್ಳಬೇಕಾಗಿಲ್ಲ, ಅಷ್ಟು ಉಳಿತಾಯ. ಇಲ್ಲದಿದ್ದರೆ ಇದರಲ್ಲಿ ಕೈ ಬಿಗಿ ಮಾಡಬೇಡ. ಹಿಂದೆ ಸ್ನೇಹಿತರನ್ನು ಕೂರಿಸಿಕೊಳ್ಳುವವನಾದರೆ ಅವರಿಗೂ ಸೇರಿಸು.

ಒಂದೆರಡು ಚಿಕ್ಕ ಮಾತು. ಪಾಲಿಸಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ ಹೋಯಿತು. ಆ ನಡುವಿನ ದಿನಗಳಲ್ಲಿ ಏನಾದರೂ ಆದರೆ ಕೇಳುವವರಿಲ್ಲ. ವಿಮೆ ಇಲ್ಲದೆ ಪೊಲೀಸರಿಗೆ ಸಿಕ್ಕರೆ ಮೊದಲ ಸಲವೇ ದಂಡ ಬೀಳುತ್ತದೆ. ಬೈಕಿನ ಎರಡೂ ಕೀಲಿಗಳನ್ನು ಜೋಪಾನ ಮಾಡು, ಕಳುವಿನ ಕ್ಲೇಮಿನಲ್ಲಿ ಎರಡನ್ನೂ ಕೇಳುತ್ತಾರೆ. ಸೆಕೆಂಡ್ ಹ್ಯಾಂಡ್ ತಗೊಂಡರೆ 14 ದಿನದೊಳಗೆ ಪಾಲಿಸಿಯನ್ನು ನಿನ್ನ ಹೆಸರಿಗೆ ಮಾಡಿಸು.

ಬರುವ ಭಾನುವಾರ ಶೋರೂಮಿಗೆ ಹೊರಟಿದ್ದೀಯಲ್ಲ, ಬುಕಿಂಗ್ ದುಡ್ಡು ಕೊಡಬೇಡ. ಬರೀ ಕೊಟೇಶನ್ ತಗೊಂಡು ಬಾ. ಸ್ಕೂಟರಿನ ಪಾಲಿಸಿ, ಲೈಸೆನ್ಸ್ ಎರಡನ್ನೂ ತೆಗೆದಿಡು. ಇಬ್ಬರೂ ಕೂತು ನಾಲ್ಕು ಕಂಪನಿಗೆ ಫೋನ್ ಮಾಡೋಣ.